ವಿಶ್ವಸುಂದರಿ, ಭುವನಸುಂದರಿ: ಓದುಗರ ಪ್ರಶ್ನೆಗೆ ಬಲ್ಲವರ ಉತ್ತರ

ಅಂತರರಾಷ್ಟ್ರೀಯ ಸೌಂದರ್ಯ ಸ್ಪರ್ಧೆಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಅಪ್ಪ ಅಮ್ಮಂದಿರದ್ದು, ಒಂದಷ್ಟು ಟೈಲರುಗಳದ್ದು, ಉಳಿದವು ಟಿ.ವಿ.ಯಲ್ಲಿ ಫೈನಲ್ ನೋಡಿ ತಲೆ ಕೆಡಿಸಿಕೊಂಡವರದ್ದು. ಸ್ಪರ್ಧಿಗಳಿಗೆ ವೇದಿಕೆ ತರಬೇತಿ ಕೊಡುವವರು, ಗೌನು ಹೊಲಿಯುವವರು ಮತ್ತು ಈ ಸ್ಪರ್ಧೆಗಳ ನಿಯಮಗಳನ್ನು ಗಮನಿಸುತ್ತ ಬಂದ ಪತ್ರಕರ್ತರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ಹೈದರಾಬಾದಿನಲ್ಲಿ ನಡೆದ 2025ರ ಮಿಸ್ ವರ್ಲ್ಡ್ ಫೈನಲನ್ನು ಮನೆಮಂದಿಯೆಲ್ಲ ಕೂತು ನೋಡಿದೆವು. ನಮ್ಮ ನಂದಿನಿ ಗುಪ್ತಾ ಇಪ್ಪತ್ತರೊಳಗೆ ಬಂದರು, ಎಂಟರೊಳಗೆ ಬರಲಿಲ್ಲ. ಅವರಷ್ಟು ಚೆನ್ನಾಗಿ ಮಾಡದವರೂ ಮುಂದೆ ಹೋದರು ಅನ್ನಿಸಿತು. ಇದರಲ್ಲಿ ಏನಾದರೂ ಒಳವ್ಯವಹಾರ ಇರುತ್ತದೆಯೇ?
— ಓದುಗರು, ಹಾಸನ

ಉತ್ತರ: ಒಳವ್ಯವಹಾರ ಹುಡುಕುವ ಮೊದಲು ಆ ಸ್ಪರ್ಧೆಯ ಲೆಕ್ಕ ನೋಡಿ. ಮಿಸ್ ವರ್ಲ್ಡ್‌ನಲ್ಲಿ ಈಗ ಖಂಡವಾರು ಪಾಲು ಇದೆ. ಆಫ್ರಿಕಾ, ಅಮೆರಿಕ ಮತ್ತು ಕೆರಿಬಿಯನ್, ಯುರೋಪ್, ಏಷ್ಯಾ ಮತ್ತು ಓಷಿಯಾನಿಯಾ ಎಂದು ನಾಲ್ಕು ಗುಂಪು. 2025ರಲ್ಲಿ 108 ಮಂದಿ ಬಂದಿದ್ದರು. ಅವರಲ್ಲಿ 40 ಮಂದಿ ಮುಂದಿನ ಹಂತಕ್ಕೆ, ಅಂದರೆ ಗುಂಪಿಗೆ ಹತ್ತು. ಆಮೇಲೆ 20, ಗುಂಪಿಗೆ ಐದು. ಅಲ್ಲಿಂದ ಎಂಟು, ಗುಂಪಿಗೆ ಎರಡೇ. ಕೊನೆಗೆ ನಾಲ್ಕು, ಗುಂಪಿಗೆ ಒಂದೇ ಒಂದು. ಏಷ್ಯಾ ಗುಂಪಿನ ಆ ಎರಡು ಜಾಗ ಫಿಲಿಪ್ಪೀನ್ಸ್ ಮತ್ತು ಥಾಯ್ಲೆಂಡಿನ ಪಾಲಾದವು. ಥಾಯ್ಲೆಂಡಿನ ಓಪಲ್ ಸುಚಾತಾ ಚುವಾಂಗ್‌ಶ್ರೀ ಕೊನೆಗೆ ಕಿರೀಟವನ್ನೇ ಗೆದ್ದರು. ಅಂದರೆ ನಂದಿನಿ ಸೋತದ್ದು ಪೋಲೆಂಡಿಗೋ ಬ್ರೆಜಿಲಿಗೋ ಅಲ್ಲ. ಆ ದೇಶಗಳ ಹುಡುಗಿಯರ ಜೊತೆ ಅವರ ಅಂಕ ಆ ಹಂತದಲ್ಲಿ ಹೋಲಿಕೆಗೇ ಬರುವುದಿಲ್ಲ. ನೀವು ಹೇಳುವ ‘ಅವರಷ್ಟು ಚೆನ್ನಾಗಿ ಮಾಡದವರು’ ಬೇರೆ ಖಂಡದವರಾಗಿದ್ದರೆ, ಅವರು ಓಡಿದ ಟ್ರ್ಯಾಕೇ ಬೇರೆ.

ಒಂದು ವರ್ಷ ಮೊದಲು, 2024ರ ಮಾರ್ಚ್ 9ರಂದು, ಮುಂಬೈ ಫೈನಲಿನಲ್ಲೂ ಇದೇ ಆಯಿತು. ಭಾರತದ ಸಿನಿ ಶೆಟ್ಟಿ ಎಂಟರೊಳಗೆ ಬಂದರು. ನಾಲ್ಕಕ್ಕೆ ಇಳಿಯುವಾಗ ಏಷ್ಯಾದ ಒಂದೇ ಜಾಗ ಲೆಬನಾನಿನ ಯಾಸ್ಮಿನಾ ಝೈತೂನ್ ಅವರಿಗೆ ಹೋಯಿತು. ಕಿರೀಟ ಗೆದ್ದವರು ಜೆಕ್ ಗಣರಾಜ್ಯದ ಕ್ರಿಸ್ಟಿನಾ ಪಿಷ್ಕೊವಾ.

ಇನ್ನೊಂದು ವಿಷಯ ಟಿ.ವಿ.ಯಲ್ಲಿ ಸರಿಯಾಗಿ ಕಾಣುವುದಿಲ್ಲ. ಆ 40ರೊಳಗೆ ಬರಲು ಎರಡು ದಾರಿ ಇವೆ. ಒಂದು, ವಾರಗಟ್ಟಲೆ ನಡೆಯುವ ಸಂದರ್ಶನ ಮತ್ತು ತೀರ್ಪುಗಾರರ ಅಂಕ. ಇನ್ನೊಂದು ‘ಫಾಸ್ಟ್ ಟ್ರ್ಯಾಕ್’: ಕ್ರೀಡೆ, ಪ್ರತಿಭೆ, ಟಾಪ್ ಮಾಡೆಲ್, ಮುಖಾಮುಖಿ ಮಾತಿನ ಸುತ್ತು, ಸಮಾಜಸೇವೆಯ ಯೋಜನೆ ಇಂಥವುಗಳಲ್ಲಿ ಗೆದ್ದವರಿಗೆ ನೇರ ಪ್ರವೇಶ. ನಂದಿನಿ ಏಷ್ಯಾ ವಿಭಾಗದ ಟಾಪ್ ಮಾಡೆಲ್ ಗೆದ್ದು ಹಾಗೆ ಒಳಗೆ ಬಂದವರು. ಫೈನಲ್ ರಾತ್ರಿ ನಾವು ನೋಡುವ ಮೂರು ಗಂಟೆ ಇಡೀ ಸ್ಪರ್ಧೆಯ ಬಾಲ ಮಾತ್ರ.

ಮಿಸ್ ಯೂನಿವರ್ಸ್‌ನಲ್ಲಿ ಇಂಥ ಕಟ್ಟುನಿಟ್ಟಿನ ಖಂಡವಾರು ಪಾಲು ಇಲ್ಲ. ಅಲ್ಲಿ ಫೈನಲಿಗೆ ಮೊದಲು ಮುಚ್ಚಿದ ಬಾಗಿಲ ಸಂದರ್ಶನ, ಈಜುಡುಗೆ, ಗೌನು ಈ ಮೂರಕ್ಕೆ ಅಂಕ ಬೀಳುತ್ತದೆ. ಇವುಗಳಲ್ಲಿ ಸಂದರ್ಶನವೇ ಪ್ರೇಕ್ಷಕರ ಕಣ್ಣಿಗೆ ಬೀಳದ ಭಾಗ. 2025ರ ನವೆಂಬರಿನಲ್ಲಿ ಬ್ಯಾಂಕಾಕ್ ಪಕ್ಕದ ನೊಂಥಬುರಿಯಲ್ಲಿ ನಡೆದ ಫೈನಲಿನಲ್ಲಿ ಭಾರತದ ಮಣಿಕಾ ವಿಶ್ವಕರ್ಮ 30ರೊಳಗೆ ಬಂದು ಅಲ್ಲಿಗೆ ನಿಂತರು. ಗೆದ್ದವರು ಮೆಕ್ಸಿಕೋದ ಫಾತಿಮಾ ಬಾಷ್.

ಹಾಗಾದರೆ ಭಾರತದ ನಿಜವಾದ ಪೈಪೋಟಿ ಯಾರ ಜೊತೆ? ಮಿಸ್ ವರ್ಲ್ಡ್ ಮಟ್ಟಿಗೆ ಥಾಯ್ಲೆಂಡ್, ಫಿಲಿಪ್ಪೀನ್ಸ್, ವಿಯೆಟ್ನಾಂ, ಇಂಡೊನೇಷ್ಯಾ, ಲೆಬನಾನ್. ಫಿಲಿಪ್ಪೀನ್ಸ್‌ನಲ್ಲಿ ಇದಕ್ಕೆಂದೇ ತರಬೇತಿ ಶಿಬಿರಗಳಿವೆ, ಊರಿಗೊಂದು ಸ್ಪರ್ಧೆ ನಡೆಯುತ್ತದೆ. ಆ ದೇಶ 1969, 1973, 2015 ಮತ್ತು 2018ರಲ್ಲಿ ಮಿಸ್ ಯೂನಿವರ್ಸ್, 2013ರಲ್ಲಿ ಮಿಸ್ ವರ್ಲ್ಡ್ ಗೆದ್ದಿದೆ. ಇಲ್ಲಿ ತಯಾರಿ ಮಾಡುವ ಹುಡುಗಿಯರು ಹಳೆಯ ಐಶ್ವರ್ಯಾ ರೈ ವಿಡಿಯೊ ನೋಡುವುದರ ಜೊತೆಗೆ ಈಚಿನ ಐದು ವರ್ಷದ ಥಾಯ್, ಫಿಲಿಪ್ಪೀನಿ ಸ್ಪರ್ಧಿಗಳ ವಿಡಿಯೊ ನೋಡಬೇಕು ಎಂದು ನಾವು ಹೇಳುವುದು ಅದಕ್ಕೇ.

ಪ್ರಶ್ನೆ: ನಾನು ಹದಿನೆಂಟು ವರ್ಷದಿಂದ ಲೇಡೀಸ್ ಟೈಲರ್. ಬ್ಲೌಸ್, ಲೆಹೆಂಗಾ ಎಲ್ಲ ಸರಾಗ. ಈಗ ರಾಜ್ಯಮಟ್ಟದ ಸ್ಪರ್ಧೆಗೆ ಹೋಗುವ ಹುಡುಗಿಯೊಬ್ಬಳು ಉದ್ದ ಗೌನು ಹೊಲಿಯಲು ಕೊಟ್ಟಿದ್ದಾಳೆ. ವೇದಿಕೆ ಮೇಲೆ ಕಾಲಿಗೆ ಸಿಕ್ಕಿ ಬೀಳಬಾರದು, ಅದಕ್ಕೆ ಅಂಚು ಎಷ್ಟು ಬಿಡಬೇಕು?
— ಓದುಗರು, ದಾವಣಗೆರೆ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಗೌನು ತೊಟ್ಟು ಬೀಳುವುದು ಕೋಟಿಗಟ್ಟಲೆ ಜನ ನೋಡುವ ವೇದಿಕೆಯಲ್ಲೂ ಆಗಿದೆ. 2007ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ ನಡೆದ ಮಿಸ್ ಯೂನಿವರ್ಸ್‌ನಲ್ಲಿ ಅಮೆರಿಕದ ರೇಚಲ್ ಸ್ಮಿತ್ ಗೌನಿನ ಸುತ್ತಿನಲ್ಲಿ ಬಿದ್ದರು. ಮರುವರ್ಷ ವಿಯೆಟ್ನಾಮಿನ ನ್ಯಾ ಚಾಂಗ್‌ನಲ್ಲಿ ಅಮೆರಿಕದವರೇ ಆದ ಕ್ರಿಸ್ಟಲ್ ಸ್ಟುವರ್ಟ್ ತಮ್ಮ ಗೌನನ್ನೇ ತುಳಿದು ಬಿದ್ದರು.

ಮೊದಲ ನಿಯಮ: ವೇದಿಕೆಯಲ್ಲಿ ಹಾಕುವ ಚಪ್ಪಲಿಯೇ ಕಾಲಲ್ಲಿ ಇಲ್ಲದೆ ಅಂಚಿಗೆ ಕತ್ತರಿ ಹಾಕಬೇಡಿ. ‘ಇದೇ ಎತ್ತರದ ಬೇರೆ ಜೋಡಿ’ ಎಂದು ತಂದರೂ ಒಪ್ಪಬೇಡಿ. ಹಿಮ್ಮಡಿ ಒಂದೇ ಎತ್ತರ ಇದ್ದರೂ ಮುಂಗಾಲಿನ ಅಡಿಯ ದಪ್ಪ ಅರ್ಧ ಇಂಚು ಹೆಚ್ಚುಕಡಿಮೆ ಇದ್ದರೆ ನಿಮ್ಮ ಅಳತೆ ಪೂರ್ತಿ ಕೆಡುತ್ತದೆ.

ಎರಡನೆಯದು: ಗೌನಿಗೆ ಮಣಿ, ಚಮಕಿ ಕೆಲಸ ಇದ್ದರೆ, ಅಥವಾ ಬಟ್ಟೆ ಓರೆ ಕಟ್‌ನಲ್ಲಿ ಇದ್ದರೆ, ಅಂಚು ಮಡಿಸುವ ಮೊದಲು ಎರಡು ದಿನ ಹ್ಯಾಂಗರಿಗೆ ತೂಗುಹಾಕಿ. ಮಣಿಯ ಭಾರಕ್ಕೆ ಬಟ್ಟೆ ಇಳಿಯುತ್ತದೆ, ಎಲ್ಲ ಕಡೆ ಸಮನಾಗಿ ಇಳಿಯುವುದೂ ಇಲ್ಲ. ಹೊಲಿದ ದಿನ ಸರಿಯಾಗಿದ್ದ ಗೌನು ಸ್ಪರ್ಧೆಯ ದಿನ ನೆಲ ಗುಡಿಸುವುದು ಈ ಕಾರಣಕ್ಕೆ.

ಈಗ ಅಳತೆ. ಹುಡುಗಿಯನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಒಳಗಿನ ಉಡುಪು, ಚಪ್ಪಲಿ ಎಲ್ಲ ಹಾಕಿಸಿ. ಕೆಳಗೆ ನೋಡಬೇಡ ಎನ್ನಿ, ತಲೆ ಬಗ್ಗಿಸಿದರೆ ಮುಂಭಾಗ ಇಳಿಯುತ್ತದೆ. ಮುಂದುಗಡೆ ಬೆರಳ ತುದಿಯ ಹತ್ತಿರ ನೆಲದಿಂದ ಮುಕ್ಕಾಲು ಇಂಚು ಮೇಲೆ ಗುರುತು ಹಾಕಿ. ಪಕ್ಕಕ್ಕೆ ಬರುತ್ತ ಕಾಲು ಇಂಚಿಗೆ ಇಳಿಸಿ, ಹಿಂದೆ ನೆಲ ಮುಟ್ಟಲಿ ಅಥವಾ ಬಾಲ ಬಿಡಿ. ಮುಂಭಾಗದಲ್ಲಿ ಚಪ್ಪಲಿಯ ತುದಿ ಇಣುಕಿದರೆ ಕೆಟ್ಟದಾಗಿ ಕಾಣುತ್ತದೆ ಎಂದು ಹುಡುಗಿ ಹಟ ಮಾಡಬಹುದು. ನಡೆಯುವಾಗ ಅದು ಯಾರಿಗೂ ಕಾಣುವುದಿಲ್ಲ ಎಂದು ಕನ್ನಡಿ ಮುಂದೆ ನಡೆಸಿ ತೋರಿಸಿ.

ಗುರುತು ಹಾಕಿದ ಮೇಲೆ ಪಿನ್ನಲ್ಲೇ ನಿಲ್ಲಿಸಿ ಇಪ್ಪತ್ತು ಹೆಜ್ಜೆ ನಡೆಸಿ, ಅರ್ಧ ಸುತ್ತು ತಿರುಗಿಸಿ, ಎರಡು ಮೆಟ್ಟಿಲು ಹತ್ತಿಸಿ ಇಳಿಸಿ. ಹೆಚ್ಚು ಜನ ಬೀಳುವುದು ನೇರ ನಡೆಯುವಾಗ ಅಲ್ಲ, ತಿರುಗಿದ ಕೂಡಲೇ ಇಡುವ ಮೊದಲ ಹೆಜ್ಜೆಯಲ್ಲಿ. ಬಾಲ ಇನ್ನೂ ಸುತ್ತಿ ಬಂದಿರುವುದಿಲ್ಲ, ಕಾಲು ಅದರ ಮೇಲೆ ಬೀಳುತ್ತದೆ. ತಿರುಗಿ ಒಂದು ಕ್ಷಣ ನಿಂತು ಆಮೇಲೆ ಹೆಜ್ಜೆ ಇಡು ಎಂದು ಹೇಳಿಕೊಡಿ.

ಲೈನಿಂಗ್ ಮೇಲಿನ ಬಟ್ಟೆಗಿಂತ ಒಂದು ಇಂಚು ಗಿಡ್ಡ ಇರಲಿ. ಹೊರಗಿನ ಅಂಚು ಸರಿ ಇದ್ದು ಲೈನಿಂಗಿಗೆ ಹಿಮ್ಮಡಿ ಸಿಕ್ಕಿ ಬಿದ್ದ ಪ್ರಕರಣಗಳೇ ಹೆಚ್ಚು. ಒಳಗೆ ಕ್ಯಾನ್‌ಕ್ಯಾನ್ ನೆಟ್ ಹಾಕುವುದಾದರೆ ಅದರ ಕೊನೆಗೆ ಸ್ಯಾಟಿನ್ ಪಟ್ಟಿ ಕಟ್ಟಿ, ಬಿಟ್ಟ ನೆಟ್ಟಿನ ತೂತಿಗೆ ಸಣ್ಣ ಹಿಮ್ಮಡಿ ಸೀದಾ ಹೋಗಿ ಕೂರುತ್ತದೆ. ಅಂಚಿನ ಒಳಗೆ ಎರಡು ಇಂಚು ಅಗಲದ ಗಡುಸು ನೈಲಾನ್ ಜಾಳಿಗೆ ಪಟ್ಟಿ ಕೊಟ್ಟು ಹೊಲಿದರೆ ಬಟ್ಟೆ ಕಾಲಿನಿಂದ ದೂರ ನಿಲ್ಲುತ್ತದೆ. ಖರ್ಚು ಸ್ವಲ್ಪ, ಉಪಕಾರ ಬಹಳ.

ಇನ್ನು ಜಿಪ್. ಭಾರದ ಗೌನಿನಲ್ಲಿ ಪೂರ್ತಿ ತೂಕ ಕಾಣದ ಜಿಪ್ಪಿನ ಮೇಲೆ ಬಿದ್ದರೆ ಉಸಿರು ಎಳೆದುಕೊಂಡಾಗ ಅದು ಬಿಚ್ಚಿಕೊಳ್ಳುತ್ತದೆ. ಸೊಂಟದ ಒಳಭಾಗಕ್ಕೆ ಒಂದು ಇಂಚಿನ ಗಟ್ಟಿ ರಿಬ್ಬನ್ನನ್ನು ಅಲ್ಲಲ್ಲಿ ಮಾತ್ರ ಹಿಡಿದು ಹೊಲಿಯಿರಿ, ಹಿಂದೆ ಎರಡು ದಪ್ಪ ಹುಕ್ ಹಾಕಿ. ಮೊದಲು ಹುಕ್, ಆಮೇಲೆ ಜಿಪ್. ತೂಕ ಸೊಂಟಕ್ಕೆ ಹೋಗುತ್ತದೆ, ಜಿಪ್ ಬರೀ ಮುಚ್ಚುವ ಕೆಲಸ ಮಾಡುತ್ತದೆ. ಹೆಸರಿನ ಪಟ್ಟಿ, ಅಂದರೆ ಸ್ಯಾಶ್, ಜಾರದಂತೆ ಹೆಗಲಲ್ಲಿ ಎರಡು, ಸೊಂಟದ ಪಕ್ಕ ಒಂದು ಸೇಫ್ಟಿ ಪಿನ್ ಸಾಕು. ಪಿನ್ ಲೈನಿಂಗನ್ನೂ ಹಿಡಿದಿರಬೇಕು. ಬರೀ ಮಣಿ ಕೆಲಸದ ದಾರಕ್ಕೆ ಚುಚ್ಚಿದರೆ ದಾರ ಕಡಿದು ವೇದಿಕೆ ತುಂಬ ಮಣಿ ಚೆಲ್ಲುತ್ತದೆ, ಹಿಂದೆ ಬರುವ ಹುಡುಗಿ ಜಾರುತ್ತಾಳೆ.

ಚಪ್ಪಲಿಯ ವಿಷಯ ನಿಮ್ಮದಲ್ಲ, ಆದರೂ ಹುಡುಗಿಗೆ ಹೇಳಿ. ಹೊಸ ಚಪ್ಪಲಿಯ ಅಡಿಭಾಗ ನುಣುಪು, ಈಗಿನ ವೇದಿಕೆಗಳ ಎಲ್‌ಇಡಿ ನೆಲ ಅದಕ್ಕಿಂತ ನುಣುಪು. ಅಡಿಗೆ ಉಪ್ಪುಕಾಗದ ಉಜ್ಜಬೇಕು, ಅಥವಾ ಚಮ್ಮಾರರ ಹತ್ತಿರ ತೆಳು ರಬ್ಬರ್ ಅಂಟಿಸಬೇಕು. ಎಲ್‌ಇಡಿ ಹಲಗೆಗಳ ನಡುವಿನ ಸಂದಿಗೆ ಪೆನ್ಸಿಲ್ ಹಿಮ್ಮಡಿ ಇಳಿಯುತ್ತದೆ, ಆದ್ದರಿಂದ ರಿಹರ್ಸಲಿನಲ್ಲಿ ಸಂದಿ ಎಲ್ಲಿದೆ ಎಂದು ನೋಡಿಕೊಳ್ಳಬೇಕು. ವೇದಿಕೆಯ ಅಂಚಿಗೆ ಹೊಳೆಯುವ ಟೇಪ್ ಹಾಕಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ದೀಪ ನೇರ ಕಣ್ಣಿಗೆ ಹೊಡೆಯುವಾಗ ಅಂಚು ಕಾಣುವುದೇ ಇಲ್ಲ. 2025ರ ಮಿಸ್ ಯೂನಿವರ್ಸ್ ಪ್ರಾಥಮಿಕ ಸುತ್ತಿನಲ್ಲಿ ಜಮೈಕಾದ ಗೇಬ್ರಿಯಲ್ ಹೆನ್ರಿ ವೇದಿಕೆಯಿಂದಲೇ ಕೆಳಗೆ ಬಿದ್ದು, ಸ್ಟ್ರೆಚರಿನಲ್ಲಿ ಆಸ್ಪತ್ರೆಗೆ ಹೋಗಬೇಕಾಯಿತು.

ಪ್ರಶ್ನೆ: ಮಗಳಿಗೆ ಹತ್ತೊಂಬತ್ತು ವರ್ಷ, ಬಿ.ಕಾಂ. ಎರಡನೇ ವರ್ಷ. ‘ಮಿಸ್ ಇಂಡಿಯಾಗೆ ಹೋಗ್ತೀನಿ ಅಮ್ಮ’ ಅಂತಾಳೆ. ಎಲ್ಲಿಂದ ಶುರು ಮಾಡಬೇಕು ಗೊತ್ತಿಲ್ಲ. ಒಂದೊಂದು ಕಡೆ ಒಂದೊಂದು ಹೆಸರಿನ ಸ್ಪರ್ಧೆ ಇದೆ.
— ಓದುಗರು, ಬೆಳಗಾವಿ

ಉತ್ತರ: ಅಂತರರಾಷ್ಟ್ರೀಯ ಸಂಸ್ಥೆಗಳು ಪ್ರತಿ ದೇಶದಲ್ಲೂ ಒಂದು ಸಂಸ್ಥೆಗೆ ಲೈಸೆನ್ಸ್ ಕೊಡುತ್ತವೆ. ಆ ಲೈಸೆನ್ಸ್ ಇರುವವರು ಮಾತ್ರ ಅಲ್ಲಿಗೆ ಸ್ಪರ್ಧಿಯನ್ನು ಕಳಿಸಬಹುದು. ಮಿಸ್ ವರ್ಲ್ಡ್‌ಗೆ ಫೆಮಿನಾ ಮಿಸ್ ಇಂಡಿಯಾ ದಾರಿ. ಮಿಸ್ ಯೂನಿವರ್ಸ್‌ಗೆ 2013ರಿಂದ ಮಿಸ್ ದಿವಾ ಮೂಲಕ ಹೋಗುತ್ತಿದ್ದರು, 2024ರಿಂದ ‘ಮಿಸ್ ಯೂನಿವರ್ಸ್ ಇಂಡಿಯಾ’ ಎಂಬ ಬೇರೆ ಸ್ಪರ್ಧೆ ಬಂದಿದೆ. ಲೈಸೆನ್ಸ್ ಕೈ ಬದಲಾಗುತ್ತಿರುತ್ತದೆ. ಹಾಗಾಗಿ ಅರ್ಜಿ ಹಾಕುವ ವರ್ಷ ಆ ಅಂತರರಾಷ್ಟ್ರೀಯ ಸ್ಪರ್ಧೆಯ ಅಧಿಕೃತ ತಾಣದಲ್ಲಿ ಭಾರತದ ಹೆಸರಿನ ಮುಂದೆ ಯಾರಿದ್ದಾರೆ ಎಂದು ನೋಡಿ, ಅವರ ಫಾರಂ ಮಾತ್ರ ತುಂಬಿ. ವಯಸ್ಸು, ಎತ್ತರದ ಷರತ್ತು ವರ್ಷ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಫಾರಂ ಹೇಳಿದ್ದೇ ಪ್ರಮಾಣ.

ಫೋಟೊಗೆ ದುಡ್ಡು ಸುರಿಯಬೇಡಿ. ಮೊದಲ ಹಂತದಲ್ಲಿ ಅವರು ನೋಡುವುದು ಮುಖದ ಆಕಾರ, ಚರ್ಮ, ನಿಲುವು. ಬೆಳಿಗ್ಗೆ ಹೊತ್ತು ಕಿಟಕಿ ಬೆಳಕಿನಲ್ಲಿ, ಬಿಳಿ ಗೋಡೆ ಮುಂದೆ, ಕೂದಲು ಹಿಂದಕ್ಕೆ ಕಟ್ಟಿ, ಮೇಕಪ್ ಇಲ್ಲದೆ ತೆಗೆಯಿರಿ. ಮುಖ ನೇರಕ್ಕೆ ಒಂದು, ಪಕ್ಕದಿಂದ ಒಂದು, ಪೂರ್ತಿ ನಿಲುವಿನದು ಒಂದು. ಮೈಗೆ ಹೊಂದುವ ಸಾದಾ ಟೀ ಶರ್ಟ್, ಜೀನ್ಸ್ ಸಾಕು. ಫಿಲ್ಟರ್ ಹಾಕಿದ ಫೋಟೊ ಕಳಿಸಿದರೆ ಆಡಿಷನ್ನಿನಲ್ಲಿ ಮುಖ ನೋಡಿದ ಕೂಡಲೇ ಅಂತರ ಗೊತ್ತಾಗುತ್ತದೆ, ಅದು ಮಗಳಿಗೇ ನಷ್ಟ. ಎತ್ತರವನ್ನು ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ತಲೆ ಮೇಲೆ ಪುಸ್ತಕ ಇಟ್ಟು ಅಳೆಯಿರಿ. ಆಡಿಷನ್ನಿನಲ್ಲಿ ಚಪ್ಪಲಿ ಬಿಚ್ಚಿಸಿ ಅಳೆಯುತ್ತಾರೆ. ಅರ್ಧ ಇಂಚಿನ ಸುಳ್ಳಿಗೆ ಬೆಳಗಾವಿಯಿಂದ ಹೋದ ಖರ್ಚು ದಂಡವಾಗುತ್ತದೆ.

ಓದು ಬಿಡಿಸಬೇಡಿ. 1966ರಲ್ಲಿ ಭಾರತದಿಂದ, ಏಷ್ಯಾದಿಂದಲೇ ಮೊದಲ ಮಿಸ್ ವರ್ಲ್ಡ್ ಆದ ರೀಟಾ ಫಾರಿಯಾ ವೈದ್ಯಕೀಯ ವಿದ್ಯಾರ್ಥಿನಿ, ಕಿರೀಟದ ವರ್ಷ ಮುಗಿಸಿ ಡಾಕ್ಟರ್ ಆಗಿಯೇ ಬಾಳಿದರು. 2017ರಲ್ಲಿ ಗೆದ್ದ ಮಾನುಷಿ ಛಿಲ್ಲರ್ ಕೂಡ ಎಂ.ಬಿ.ಬಿ.ಎಸ್. ಓದುತ್ತಿದ್ದವರು. ಸಂದರ್ಶನದಲ್ಲಿ ಮಾತಾಡಲು ಏನಾದರೂ ಇರಬೇಕಲ್ಲ, ಅದು ಓದಿನಿಂದ, ಕೆಲಸದಿಂದ ಬರುತ್ತದೆ.

ಪ್ರಶ್ನೆ: ಒಂದು ಸಂಸ್ಥೆಯವರು ಫೋನ್ ಮಾಡಿ, ನನ್ನ ತಂಗಿ ‘ಅಂತರರಾಷ್ಟ್ರೀಯ ಸ್ಪರ್ಧೆಗೆ ಆಯ್ಕೆಯಾಗಿದ್ದಾಳೆ’ ಎಂದರು. ನೋಂದಣಿ, ಪೋರ್ಟ್‌ಫೋಲಿಯೊ, ಗ್ರೂಮಿಂಗ್ ಎಲ್ಲ ಸೇರಿ ಎಂಬತ್ತು ಸಾವಿರ ಕೇಳುತ್ತಿದ್ದಾರೆ. ಎರಡು ದಿನದಲ್ಲಿ ಕಟ್ಟಬೇಕಂತೆ.
— ಓದುಗರು, ಮೈಸೂರು

ಉತ್ತರ: ಕಟ್ಟಬೇಡಿ. ಅರ್ಜಿ ಹಾಕದೆ ಆಯ್ಕೆ ಆಗುವುದಿಲ್ಲ. ಎರಡು ದಿನದ ಗಡುವು ಎಂದರೆ ನೀವು ವಿಚಾರಿಸಬಾರದು ಎಂದರ್ಥ.

ವಿಚಾರಿಸುವುದು ಹೀಗೆ. ಯಾವ ಅಂತರರಾಷ್ಟ್ರೀಯ ಸ್ಪರ್ಧೆಗೆ ಕಳಿಸುತ್ತೀರಿ, ಲೈಸೆನ್ಸ್ ಪತ್ರ ತೋರಿಸಿ ಎನ್ನಿ. ಹಿಂದಿನ ಮೂರು ವರ್ಷ ಗೆದ್ದವರು ಯಾರು, ಅವರು ಎಲ್ಲಿಗೆ ಹೋದರು ಎಂದು ಕೇಳಿ, ಆ ಹುಡುಗಿಯರನ್ನೇ ಸಂಪರ್ಕಿಸಿ. ರಸೀದಿ ಜಿಎಸ್‌ಟಿ ನಂಬರಿನೊಂದಿಗೆ ಬರುತ್ತದೆಯೇ, ಅಥವಾ ವೈಯಕ್ತಿಕ ಯುಪಿಐಗೆ ಹಾಕಿ ಎನ್ನುತ್ತಾರೆಯೇ ನೋಡಿ. ಬಂದ ಎಲ್ಲರಿಗೂ ಒಂದೊಂದು ಕಿರೀಟ, ‘ಮಿಸ್ ಸ್ಮೈಲ್’, ‘ಮಿಸ್ ಹೇರ್’ ಎಂದು ಹಂಚುವ ಸ್ಪರ್ಧೆಯ ಆದಾಯವೇ ಸ್ಪರ್ಧಿಗಳ ಶುಲ್ಕ. ಅಲ್ಲಿ ಗೆದ್ದರೆ ಮುಂದಕ್ಕೆ ದಾರಿ ಇರುವುದಿಲ್ಲ.

ನಿಜವಾದ ಸ್ಪರ್ಧೆಯೇ ಆಗಿದ್ದರೂ ಕರಾರು ಓದದೆ ಸಹಿ ಹಾಕಿಸಬೇಡಿ. ಒಬ್ಬ ವಕೀಲರಿಗೆ ಒಮ್ಮೆ ತೋರಿಸಿ. ಎಷ್ಟು ವರ್ಷ ಅವರಿಗೆ ಬದ್ಧಳಾಗಿರಬೇಕು? ಜಾಹೀರಾತಿನ ಆದಾಯದಲ್ಲಿ ಅವರ ಪಾಲು ಶೇಕಡಾ ಎಷ್ಟು, ಅದನ್ನು ಖರ್ಚು ಕಳೆದು ಲೆಕ್ಕ ಹಾಕುತ್ತಾರೋ ಕಳೆಯದೆಯೋ? ಮಧ್ಯದಲ್ಲಿ ಬಿಟ್ಟರೆ ದಂಡ ಎಷ್ಟು? ಗೌನು, ವಿಮಾನ, ವಸತಿ ಯಾರ ಖರ್ಚು? ಹೋಗುವ ಟಿಕೆಟ್ಟಿನ ಜೊತೆ ಬರುವ ಟಿಕೆಟ್ಟೂ ಕೈಯಲ್ಲಿರಬೇಕು. ಪಾಸ್‌ಪೋರ್ಟ್ ಯಾವ ಕಾರಣಕ್ಕೂ ಆಯೋಜಕರ ಹತ್ತಿರ ಇರಬಾರದು.

ಕಿರೀಟ ಬಂದ ಮೇಲೂ ಕರಾರು ಬೆನ್ನ ಹಿಂದೆ ಇರುತ್ತದೆ. 2002ರ ಮಿಸ್ ಯೂನಿವರ್ಸ್, ರಷ್ಯಾದ ಒಕ್ಸಾನಾ ಫೆಡೊರೊವಾ, ಅವಧಿ ಮುಗಿಯುವ ಮೊದಲೇ ಪಟ್ಟ ಕಳೆದುಕೊಂಡರು, ಪನಾಮಾದ ಜಸ್ಟೀನ್ ಪಾಸೆಕ್ ಆ ಜಾಗಕ್ಕೆ ಬಂದರು. 1974ರಲ್ಲಿ ಮಿಸ್ ವರ್ಲ್ಡ್ ಆದ ಬ್ರಿಟನ್ನಿನ ಹೆಲೆನ್ ಮಾರ್ಗನ್, ತಮಗೆ ಮಗು ಇದೆ ಎಂಬುದು ಸುದ್ದಿಯಾದಾಗ ನಾಲ್ಕೇ ದಿನಕ್ಕೆ ಕಿರೀಟ ಬಿಟ್ಟುಕೊಟ್ಟರು.

ಪ್ರಶ್ನೆ: ನನಗೆ ಮೂವತ್ನಾಲ್ಕು ವರ್ಷ, ಮದುವೆಯಾಗಿ ಒಂದು ಮಗು ಇದೆ. ಇನ್ನು ಸ್ಪರ್ಧಿಸಲು ಸಾಧ್ಯವೇ ಇಲ್ಲವೇ?
— ಕನ್ನಡತಿ, ದುಬೈ

ಉತ್ತರ: ಮಿಸ್ ಯೂನಿವರ್ಸ್‌ನಲ್ಲಿ ಸಾಧ್ಯ. ಮದುವೆಯಾದವರು, ತಾಯಂದಿರು 2023ರ ಸ್ಪರ್ಧೆಯಿಂದ ಭಾಗವಹಿಸಬಹುದು. ಆ ವರ್ಷವೇ ಕೊಲಂಬಿಯಾದ ಕಮಿಲಾ ಅವೆಲ್ಲಾ, ವಿವಾಹಿತೆ, ತಾಯಿ, ಕೊನೆಯ ಐವರಲ್ಲಿ ಒಬ್ಬರಾದರು. 28ರ ಮೇಲ್ಮಿತಿಯೂ 2024ರಿಂದ ಹೋಯಿತು. ಮಾಲ್ಟಾದಿಂದ 40 ವರ್ಷದ ಬಿಯಾಟ್ರಿಸ್ ಎನ್ಜೋಯಾ ಆ ವರ್ಷ ಸ್ಪರ್ಧಿಸಿದರು. ಮಿಸ್ ವರ್ಲ್ಡ್‌ನಲ್ಲಿ ಮಾತ್ರ ಬಾಗಿಲು ಮುಚ್ಚಿದೆ. 2018ರಲ್ಲಿ ಮಿಸ್ ಉಕ್ರೇನ್ ಆದ ವೆರೊನಿಕಾ ದಿದುಸೆಂಕೊ ತಾಯಿ ಎಂಬ ಕಾರಣಕ್ಕೇ ಅಲ್ಲಿಗೆ ಹೋಗಲಾಗಲಿಲ್ಲ. ವಿವಾಹಿತೆಯರಿಗೆಂದೇ ಇರುವ ಮಿಸೆಸ್ ವರ್ಲ್ಡ್ ಇದೆ, ಭಾರತದ ಅದಿತಿ ಗೋವಿತ್ರಿಕರ್ ಮತ್ತು ಸರ್ಗಮ್ ಕೌಶಲ್ ಅದನ್ನು ಗೆದ್ದಿದ್ದಾರೆ. ಯುಎಇ ಕೂಡ 2024ರಿಂದ ಮಿಸ್ ಯೂನಿವರ್ಸ್‌ಗೆ ಸ್ಪರ್ಧಿಯನ್ನು ಕಳಿಸುತ್ತಿದೆ. ನೀವು ಭಾರತದ ಪರ ನಿಲ್ಲಬೇಕೋ ಅಲ್ಲಿನ ಪರವೋ ಎಂಬುದು ಪಾಸ್‌ಪೋರ್ಟ್ ಮತ್ತು ವಾಸದ ಷರತ್ತಿನ ಮೇಲೆ ನಿಂತಿದೆ, ಎರಡೂ ಕಡೆಯ ಫಾರಂ ಓದಿ ನಿರ್ಧರಿಸಿ.

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಇಂಗ್ಲಿಷ್ ಅರ್ಥವಾಗುತ್ತದೆ, ಮಾತಾಡುವಾಗ ತಡವರಿಸುತ್ತೇನೆ. ಪ್ರಶ್ನೋತ್ತರ ಸುತ್ತಿನಲ್ಲಿ ಕನ್ನಡದಲ್ಲೇ ಉತ್ತರಿಸಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಅಂತರರಾಷ್ಟ್ರೀಯ ಸುತ್ತಿನಲ್ಲಿ ತಮ್ಮ ಭಾಷೆಯಲ್ಲಿ ಉತ್ತರಿಸಿ ದುಭಾಷಿಯನ್ನು ಬಳಸುವುದಕ್ಕೆ ಅವಕಾಶವಿದೆ, ಲ್ಯಾಟಿನ್ ಅಮೆರಿಕದ ಸ್ಪರ್ಧಿಗಳು ಸ್ಪ್ಯಾನಿಷ್‌ನಲ್ಲಿ ಮಾತಾಡಿ ಗೆದ್ದಿದ್ದಾರೆ. ಕಷ್ಟ ಇರುವುದು ಅಲ್ಲಿಗೆ ತಲುಪುವ ತನಕ. ನಮ್ಮಲ್ಲಿ ರಾಷ್ಟ್ರಮಟ್ಟದ ಸಂದರ್ಶನ ಬಹುತೇಕ ಇಂಗ್ಲಿಷಿನಲ್ಲೇ ನಡೆಯುತ್ತದೆ. ಹಾಗಾಗಿ ಇಂಗ್ಲಿಷನ್ನು ಕಲಿಯಿರಿ, ಆದರೆ ಯೋಚನೆ ಕನ್ನಡದಲ್ಲೇ ಗಟ್ಟಿಯಾಗಲಿ. ತಡವರಿಸುವುದು ಹೆಚ್ಚಾಗಿ ಭಾಷೆಯಿಂದಲ್ಲ, ಏನು ಹೇಳಬೇಕೆಂದು ತೀರ್ಮಾನವಾಗದೆ ಬಾಯಿ ತೆರೆಯುವುದರಿಂದ.

ಸಾಮಾನ್ಯವಾಗಿ ಸಿಗುವುದು ಮೂವತ್ತು ಸೆಕೆಂಡು. ನಿಧಾನವಾಗಿ, ಸ್ಪಷ್ಟವಾಗಿ ಮಾತಾಡಿದರೆ ಕನ್ನಡದಲ್ಲಿ ನಲವತ್ತೈದು, ಐವತ್ತು ಪದ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಅರವತ್ತೈದರ ಆಸುಪಾಸು. ಅಷ್ಟರಲ್ಲಿ ಆಗುವುದು ಇಷ್ಟೇ: ಮೊದಲ ವಾಕ್ಯದಲ್ಲೇ ಉತ್ತರ, ಎರಡನೆಯದರಲ್ಲಿ ಕಾರಣ, ಮೂರನೆಯದರಲ್ಲಿ ಒಂದು ಉದಾಹರಣೆ, ನಿಲ್ಲಿಸುವುದು. ‘ಇದು ತುಂಬಾ ಒಳ್ಳೆಯ ಪ್ರಶ್ನೆ’, ‘ನಮಸ್ಕಾರ ಎಲ್ಲರಿಗೂ’ ಎಂದು ಶುರು ಮಾಡಿದರೆ ಐದು ಸೆಕೆಂಡು ಅಲ್ಲೇ ಹೋಯಿತು.

2020ರ ಮಿಸ್ ಯೂನಿವರ್ಸ್ ಫೈನಲ್ ವಿಡಿಯೊ ನೋಡಿ (ಕೊರೋನಾದಿಂದ ಮುಂದೂಡಿ 2021ರ ಮೇ ತಿಂಗಳಲ್ಲಿ ಫ್ಲೋರಿಡಾದಲ್ಲಿ ನಡೆಯಿತು). ಉಡುಪಿಯ ಉದ್ಯಾವರ ಮೂಲದ ಆಡ್ಲಿನ್ ಕ್ಯಾಸ್ಟೆಲಿನೊ ಅವರಿಗೆ ಕೇಳಿದ್ದು, ಆರ್ಥಿಕ ಹೊಡೆತ ಬಿದ್ದರೂ ಲಾಕ್‌ಡೌನ್ ಮಾಡಬೇಕೇ, ಗಡಿ ತೆರೆಯಬೇಕೇ ಎಂದು. ಆಗ ಭಾರತದಲ್ಲಿ ಎರಡನೇ ಅಲೆ. ಅವರು ತಮ್ಮ ದೇಶದ ಸ್ಥಿತಿಯನ್ನೇ ಮುಂದಿಟ್ಟು, ಜೀವಕ್ಕಿಂತ ಮಿಗಿಲಾದದ್ದಿಲ್ಲ ಎಂಬ ನಿಲುವು ತೆಗೆದುಕೊಂಡು, ಸಮತೋಲನ ಬೇಕು ಎಂದು ಮುಗಿಸಿದರು. ಮೂರನೇ ರನ್ನರ್ ಅಪ್ ಆದರು. ಕಂಠಪಾಠದ ಉತ್ತರ ಆ ಪ್ರಶ್ನೆಗೆ ಒಗ್ಗುತ್ತಿರಲಿಲ್ಲ.

ತಪ್ಪು ಹೇಳಿದರೆ ಎಲ್ಲ ಮುಗಿಯಿತು ಎಂಬ ಭಯವೂ ಬೇಡ. 2000ದ ಮಿಸ್ ವರ್ಲ್ಡ್ ವೇದಿಕೆಯಲ್ಲಿ ಪ್ರಿಯಾಂಕಾ ಚೋಪ್ರಾ ಅವರಿಗೆ, ಬದುಕಿರುವವರಲ್ಲಿ ಅತ್ಯಂತ ಯಶಸ್ವಿ ಮಹಿಳೆ ಯಾರು ಎಂದು ಕೇಳಿದಾಗ ಮದರ್ ತೆರೇಸಾ ಎಂದರು. ಮದರ್ 1997ರಲ್ಲೇ ತೀರಿಕೊಂಡಿದ್ದರು. ಆದರೂ ಕಾರಣವನ್ನು ಸ್ಥಿರವಾಗಿ, ನಂಬಿಕೆ ಬರುವಂತೆ ಹೇಳಿದರು, ಕಿರೀಟವನ್ನೂ ಗೆದ್ದರು.

ಅಭ್ಯಾಸಕ್ಕೆ ದಿನಪತ್ರಿಕೆಯ ಮುಖಪುಟ ಸಾಕು. ಒಂದು ಸುದ್ದಿ ತೆಗೆದುಕೊಂಡು ಅದರ ಮೇಲೆ ಮನೆಯವರಿಂದ ಪ್ರಶ್ನೆ ಕೇಳಿಸಿಕೊಳ್ಳಿ, ಮೊಬೈಲಿನಲ್ಲಿ ಮೂವತ್ತು ಸೆಕೆಂಡ್ ಇಟ್ಟು ರೆಕಾರ್ಡ್ ಮಾಡಿ, ಆಮೇಲೆ ನೀವೇ ಕೇಳಿ. ದುಭಾಷಿಯನ್ನು ಬಳಸುವ ಪ್ರಸಂಗ ಬಂದರೆ ಒಂದು ವಾಕ್ಯ ಹೇಳಿ ನಿಲ್ಲಿ. ನಾಲ್ಕು ವಾಕ್ಯ ಒಟ್ಟಿಗೆ ಹೇಳಿದರೆ ಅವರು ಎರಡನ್ನು ಕೈಬಿಡುತ್ತಾರೆ, ನಿಮ್ಮ ಒಳ್ಳೆಯ ಮಾತು ತೀರ್ಪುಗಾರರಿಗೆ ತಲುಪುವುದೇ ಇಲ್ಲ.

ಪ್ರಶ್ನೆ: ಆ ಕಿರೀಟ ಚಿನ್ನದ್ದೇ? ಗೆದ್ದವರು ಮನೆಗೆ ಒಯ್ಯುತ್ತಾರೆಯೇ?
— ಓದುಗರು, ತುಮಕೂರು

ಉತ್ತರ: ಮಿಸ್ ಯೂನಿವರ್ಸ್ ಕಿರೀಟ ಹಲವು ಬಾರಿ ಬದಲಾಗಿದೆ. 2002ರಿಂದ ಬಳಸಿದ ಜಪಾನಿನ ಮಿಕಿಮೊಟೊ ಕಿರೀಟದಲ್ಲಿ 500 ವಜ್ರ, 120 ಮುತ್ತು ಇದ್ದವು, ಬೆಲೆ ಎರಡೂವರೆ ಲಕ್ಷ ಡಾಲರ್ ಎಂದಿದ್ದರು. 2021ರಲ್ಲಿ ಹರ್ನಾಜ್ ಸಂಧು ತೊಟ್ಟ ಮುವಾದ್ ಕಂಪನಿಯ ಕಿರೀಟಕ್ಕೆ ಸುಮಾರು 50 ಲಕ್ಷ ಡಾಲರ್. ಅಸಲಿ ಕಿರೀಟ ಸಂಸ್ಥೆಯದು, ಮುಂದಿನ ವರ್ಷ ಇನ್ನೊಬ್ಬರ ತಲೆಗೆ ಹೋಗಬೇಕು.

ಪ್ರಶ್ನೆ: ಬೆಂಗಳೂರಿನಲ್ಲೇ ಒಮ್ಮೆ ಮಿಸ್ ವರ್ಲ್ಡ್ ನಡೆದು ದೊಡ್ಡ ಗಲಾಟೆ ಆಗಿತ್ತು ಎಂದು ಅಪ್ಪ ಹೇಳುತ್ತಾರೆ. ಏನಾಗಿತ್ತು?
— ಕಾಲೇಜು ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: 1996ರ ನವೆಂಬರ್ 23, ಚಿನ್ನಸ್ವಾಮಿ ಕ್ರೀಡಾಂಗಣ. ಅಮಿತಾಭ್ ಬಚ್ಚನ್ ಅವರ ಎಬಿಸಿಎಲ್ ಕಂಪನಿ ಆಯೋಜಕ, ಜೆ.ಎಚ್. ಪಟೇಲರು ಮುಖ್ಯಮಂತ್ರಿ. ಎರಡು ವರ್ಷ ಹಿಂದಷ್ಟೇ ಸುಶ್ಮಿತಾ ಸೇನ್ ಮನಿಲಾದಲ್ಲಿ ಮಿಸ್ ಯೂನಿವರ್ಸ್, ಐಶ್ವರ್ಯಾ ರೈ ದಕ್ಷಿಣ ಆಫ್ರಿಕಾದ ಸನ್ ಸಿಟಿಯಲ್ಲಿ ಮಿಸ್ ವರ್ಲ್ಡ್ ಗೆದ್ದಿದ್ದರು, ದೇಶದಲ್ಲಿ ಇದರ ಅಬ್ಬರ ಶುರುವಾಗಿತ್ತು. ವಿರೋಧ ಎರಡು ದಿಕ್ಕಿನಿಂದ ಬಂತು. ಹೆಣ್ಣಿನ ದೇಹವನ್ನು ಸರಕು ಮಾಡುತ್ತಾರೆ ಎಂದು ಮಹಿಳಾ ಸಂಘಟನೆಗಳು, ಎಡಪಂಥೀಯರು. ಸಂಸ್ಕೃತಿಗೆ ಧಕ್ಕೆ ಎಂದು ಬಲಪಂಥದವರು. ಬಹುರಾಷ್ಟ್ರೀಯ ಕಂಪನಿಗಳ ಮಾರುಕಟ್ಟೆ ತಂತ್ರ ಎಂದು ರೈತ ಸಂಘವೂ ಬೀದಿಗಿಳಿಯಿತು. ಮದುರೈಯಲ್ಲಿ ಯುವಕನೊಬ್ಬ ಬೆಂಕಿ ಹಚ್ಚಿಕೊಂಡು ಸತ್ತ. ಈಜುಡುಗೆ ಸುತ್ತನ್ನು ಸೆಶೆಲ್ಸ್ ದ್ವೀಪಗಳಿಗೆ ಸಾಗಿಸಿದರು. ಭಾರಿ ಪೊಲೀಸ್ ಕಾವಲಿನಲ್ಲಿ ಫೈನಲ್ ನಡೆಯಿತು. ಗ್ರೀಸಿನ ಇರೇನೆ ಸ್ಕ್ಲೀವಾ ಗೆದ್ದರು. ಭಾರತದ ರಾಣಿ ಜಯರಾಜ್ ಕೊನೆಯ ಐವರಲ್ಲಿದ್ದರು.

ಇಂಥ ವಿರೋಧ ನಮ್ಮಲ್ಲಷ್ಟೇ ಆದದ್ದೆಂದು ತಿಳಿಯಬೇಡಿ. 1970ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮಹಿಳಾ ವಿಮೋಚನೆಯ ಕಾರ್ಯಕರ್ತೆಯರು ಹಿಟ್ಟಿನ ಪೊಟ್ಟಣ ಎಸೆದು ನೇರಪ್ರಸಾರವನ್ನೇ ತಡೆದಿದ್ದರು. ಅದೇ ರಾತ್ರಿ ಗ್ರೆನಾಡಾದ ಜೆನಿಫರ್ ಹೋಸ್ಟನ್ ಮೊದಲ ಕಪ್ಪು ಮಿಸ್ ವರ್ಲ್ಡ್ ಆದರು. ಎರಡೂ ಒಂದೇ ರಾತ್ರಿಯ ಸತ್ಯ, ಒಂದಕ್ಕೋಸ್ಕರ ಇನ್ನೊಂದನ್ನು ಅಳಿಸಬೇಕಿಲ್ಲ. ಎರಿಕ್ ಮಾರ್ಲಿ 1951ರಲ್ಲಿ ಶುರು ಮಾಡಿದಾಗ ಇದು ಬಿಕಿನಿ ಸ್ಪರ್ಧೆಯೇ ಆಗಿತ್ತು. ಈಜುಡುಗೆ ಸುತ್ತನ್ನು ಮಿಸ್ ವರ್ಲ್ಡ್ ಕೈಬಿಟ್ಟದ್ದು 2015ರಿಂದ, ಟೀಕಾಕಾರರ ಒತ್ತಾಯಕ್ಕೆ ಅರವತ್ತು ವರ್ಷದ ಮೇಲೆ ಸಿಕ್ಕ ಫಲ ಎನ್ನಬೇಕು. ಮಿಸ್ ಯೂನಿವರ್ಸ್‌ನಲ್ಲಿ ಅದು ಇನ್ನೂ ಇದೆ.

ಪ್ರಶ್ನೆ: ಕರ್ನಾಟಕದ ನಂಟಿರುವ ಗೆದ್ದವರು ಐಶ್ವರ್ಯಾ ರೈ ಒಬ್ಬರೇ?
— ಓದುಗರು, ಮಂಗಳೂರು

ಉತ್ತರ: ಅಲ್ಲ. ಐಶ್ವರ್ಯಾ ಹುಟ್ಟಿದ್ದು ನಿಮ್ಮ ಊರಲ್ಲಿ. 2000ದ ಮಿಸ್ ಯೂನಿವರ್ಸ್ ಲಾರಾ ದತ್ತಾ ಬೆಂಗಳೂರಿನಲ್ಲಿ ಬೆಳೆದವರು. 2010ರಲ್ಲಿ ವಿಯೆಟ್ನಾಮಿನಲ್ಲಿ ಮಿಸ್ ಅರ್ಥ್ ಗೆದ್ದ ಮೊದಲ ಭಾರತೀಯಳು ಬೆಂಗಳೂರಿನ ನಿಕೋಲ್ ಫಾರಿಯಾ. 2014ರಲ್ಲಿ ಪೋಲೆಂಡಿನಲ್ಲಿ ಮಿಸ್ ಸುಪ್ರನ್ಯಾಷನಲ್ ಗೆದ್ದವರು ಭದ್ರಾವತಿಯ ಆಶಾ ಭಟ್, ಆ ಪಟ್ಟ ಭಾರತಕ್ಕೆ ಬಂದದ್ದು ಅದೇ ಮೊದಲು. ಎರಡು ವರ್ಷದಲ್ಲಿ ಅದೇ ಕಿರೀಟ ಮಂಗಳೂರಿನ ಶ್ರೀನಿಧಿ ಶೆಟ್ಟಿ ಅವರಿಗೆ. ಮಂಗಳೂರಿನಲ್ಲೇ ಹುಟ್ಟಿದ ದಿವಿತಾ ರೈ 2022ರ ಮಿಸ್ ಯೂನಿವರ್ಸ್‌ನಲ್ಲಿ 16ರೊಳಗೆ ಬಂದರು.

ಪ್ರಶ್ನೆ: ಸ್ಪರ್ಧೆಗೆ ಹತ್ತು ದಿನ ಇದೆ. ಮಗಳು ಅನ್ನ ಬಿಟ್ಟಿದ್ದಾಳೆ, ಕೊನೆಯ ಎರಡು ದಿನ ನೀರೂ ಕುಡಿಯಬಾರದಂತೆ, ಹೊಟ್ಟೆ ಚಪ್ಪಟೆ ಕಾಣುತ್ತದಂತೆ. ಹೇಳಿದರೆ ಕೇಳುತ್ತಿಲ್ಲ.
— ಓದುಗರು, ಧಾರವಾಡ

ಉತ್ತರ: ನೀರು ಬಿಡುವುದನ್ನು ಇವತ್ತೇ ತಡೆಯಿರಿ. ನೀರು, ಉಪ್ಪು ಎರಡೂ ಕಡಿಮೆಯಾದ ಮೈಗೆ ಬಿಸಿ ದೀಪದ ಕೆಳಗೆ, ಎತ್ತರದ ಹಿಮ್ಮಡಿಯ ಮೇಲೆ, ಗಂಟೆಗಟ್ಟಲೆ ನಿಲ್ಲಿಸಿದರೆ ರಕ್ತದೊತ್ತಡ ಇಳಿಯುತ್ತದೆ, ತಲೆ ಸುತ್ತುತ್ತದೆ. ಸಾಲಿನಲ್ಲಿ ನಿಂತಿದ್ದ ಹುಡುಗಿಯರು ಕುಸಿಯುವುದು ಹೆಚ್ಚಾಗಿ ಇದರಿಂದಲೇ. ಮೊಣಕಾಲನ್ನು ಗಟ್ಟಿಯಾಗಿ ಬಿಗಿದು ನಿಂತರೆ ಇನ್ನೂ ಬೇಗ ಕುಸಿಯುತ್ತಾರೆ, ಸ್ವಲ್ಪ ಸಡಿಲ ಬಿಟ್ಟು ನಿಲ್ಲಲು ಹೇಳಿ.

ಹೊಟ್ಟೆ ಉಬ್ಬರವೇ ಚಿಂತೆಯಾದರೆ ಸ್ಪರ್ಧೆಗೆ ಎರಡು ದಿನ ಮುಂಚೆ ಹೂಕೋಸು, ಕಡಲೆ, ರಾಜ್ಮಾ, ಸೋಡಾ ಬಿಡಲಿ, ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡಲಿ. ಅನ್ನ, ಚಪಾತಿ ಬಿಡಬೇಕಿಲ್ಲ, ಜೋಳದ ರೊಟ್ಟಿ ಅಭ್ಯಾಸವಿದ್ದರೆ ಅದೇ ಇರಲಿ. ಹೊಸ ಆಹಾರ, ಹೊಸ ಪುಡಿ, ಹೊಸ ಕ್ರೀಮು ಆ ವಾರ ಯಾವುದೂ ಬೇಡ. ವೇದಿಕೆಗೆ ಎರಡು ಗಂಟೆ ಮೊದಲು ಮೊಸರನ್ನ ಅಥವಾ ಬಾಳೆಹಣ್ಣು, ಆಮೇಲೆ ಸ್ವಲ್ಪ ಸ್ವಲ್ಪ ನೀರು, ಪರ್ಸಿನಲ್ಲಿ ಒಂದು ಪೊಟ್ಟಣ ಓಆರ್‌ಎಸ್. ಮುಟ್ಟು ನಿಂತಿದ್ದರೆ, ಊಟ ಮಾಡಿ ವಾಂತಿ ಮಾಡಿಕೊಳ್ಳುತ್ತಿದ್ದರೆ, ತೂಕ ನೋಡಿ ಅಳುತ್ತಿದ್ದರೆ ಸ್ಪರ್ಧೆಯ ಮಾತು ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಅದು ಡಯಟ್ ಅಲ್ಲ, ಕಾಯಿಲೆ.

ಮಗಳಿಗೆ ಹರ್ನಾಜ್ ಸಂಧು ವಿಷಯ ಹೇಳಿ. 2021ರಲ್ಲಿ ಮಿಸ್ ಯೂನಿವರ್ಸ್ ಆದ ಕೆಲವೇ ತಿಂಗಳಲ್ಲಿ ಅವರ ತೂಕ ಹೆಚ್ಚಾಯಿತು, ಜನ ಬಾಯಿಗೆ ಬಂದಂತೆ ಆಡಿಕೊಂಡರು. ತಮಗೆ ಸೀಲಿಯಾಕ್ ಕಾಯಿಲೆ ಇದೆ, ಗೋಧಿ ಆಗುವುದಿಲ್ಲ ಎಂದು ಅವರು ಎಲ್ಲರೆದುರು ಹೇಳಿದರು. ತೂಕ ಹೆಚ್ಚಾದ ಅದೇ ಮೈಯಲ್ಲಿ ವರ್ಷದ ಎಲ್ಲ ಕೆಲಸ ಮುಗಿಸಿ, ಮುಂದಿನವರಿಗೆ ಪಟ್ಟ ಒಪ್ಪಿಸಲು ನ್ಯೂ ಆರ್ಲಿಯನ್ಸ್ ವೇದಿಕೆಗೆ ಬಂದರು.